ಅಮಾಸಿ ದಿನದ ಬಸ್ಸು

ಜಮಖಂಡಿ
೧ ಜುಲೈ ೨೦೨೫

ಅತ್ತಿ,

ನಾನು ಕಳ್ಳನಲ್ಲ. ಮಾವನ ಜೊತೆ ಸೇರಿ ನಿನ್ನನ್ನು ನಡುದಾರಿಯಲ್ಲಿ ಇಳಿಸಿದವನೂ ಅಲ್ಲ.

ನೀನು ಹಾಗೆ ಬರೆದಿಲ್ಲ, ಗೊತ್ತು. ಏನನ್ನೂ ಬರೆದಿಲ್ಲ. ಬನಹಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನ್ನ ಬಟ್ಟೆಯ ಗಂಟು ಕಳಿಸಿದ್ದೀಯ, ಅಷ್ಟೆ. ಒಗೆದು, ಮಡಿಚಿ, ನೀಲಿ ಅಂಗಿಗೆ ಉದುರಿದ್ದ ಗುಂಡಿಯನ್ನೂ ಹಚ್ಚಿ ಕಳಿಸಿದ್ದೀಯ. ಸಿಟ್ಟಾದವರು ಗುಂಡಿ ಹಚ್ಚುತ್ತಾರೇನು? ಎತ್ತಿ ಓಣಿಗೆ ಒಗೆದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಈ ಗುಂಡಿಗೆ ಏನು ಅನ್ನಲಿ?

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪೂರ್ಣಿಮಾ ಎತ್ತಿ "ಅವ್ವ ಮಗ್ಗದಾಗ ಅದಾಳ" ಎಂದು ಇಟ್ಟುಬಿಡುತ್ತಾಳೆ. ಮೂರು ಹೊತ್ತೂ ಮಗ್ಗದಲ್ಲೇ ಇರುತ್ತೀಯೇನು? ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದದ್ದು ಇದೇ ಮೊದಲು. ಪೂರ್ಣಿಮಾ ನಗಬೇಕಾದರೆ ನಗಲಿ. ಆದರೆ ಗಟ್ಟಿಯಾಗಿ ಓದಲಿ.

ಮಣ್ಣೆತ್ತಿನ ಅಮಾಸಿ ದಿನ ನನಗೆ ಗೊತ್ತಿದ್ದದ್ದು ಇಷ್ಟೇ. ನನ್ನ ಅವ್ವನ ಒಡಹುಟ್ಟಿದವನೆಂದು ನಾನು ಮಾವನ ಬಸ್ ಆಫೀಸಿಗೆ ಸೇರಿ ಆಗಿನ್ನೂ ಸ್ವಲ್ಪ ದಿನ ಆಗಿತ್ತು. ಸಂಜೆ ಗಿರಿಮಲ್ಲಪ್ಪ ಮಾವ ಬಂದು, ಬೆಂಗಳೂರು ಗಾಡಿಯ ಗೇರ್ ಕೆಟ್ಟಿದೆ, ಬಾಗಲಕೋಟೆಗೆ ಬೇರೆ ಗಾಡಿ ಬರುತ್ತದೆ, ಅಲ್ಲಿಯವರೆಗೆ ಮಂದಿಯನ್ನು ಕ್ರೂಸರ್ ಜೀಪಿನಲ್ಲಿ ಕೂರಿಸು ಎಂದ. ನಾನು ಕೂರಿಸಿದೆ. ನಿನ್ನ ಸೀರೆಯ ಗಂಟನ್ನು ನನ್ನ ಕೈಯಾರೆ ಮೇಲೆ ಹಾಕಿ ಬಿಗಿದೆ. ಮಳೆಗೆ ಹೊದಿಸಲು ತಾಡಪತ್ರಿ ಎಲ್ಲಿ ಎಂದು ಕೇಳಿದ್ದಕ್ಕೆ ಡ್ರೈವರ್ ದಾರಿಯಲ್ಲಿ ಹಾಕುತ್ತೇನೆ ಅಂದ. ಹಾಕಲಿಲ್ಲ. ಬಾಗಲಕೋಟೆಗೆ ಬಂದ ಗಾಡಿಯಲ್ಲಿ ಸೀಟು ಇರಲಿಲ್ಲ. ನೀವೆಲ್ಲ ಮಳೆಯಲ್ಲಿ ನಿಂತಿರಿ. ಮರುದಿನ ಸರಕಾರಿ ಬಸ್ಸಿನಲ್ಲಿ ವಾಪಸ್ ಬನಹಟ್ಟಿಗೆ ಬಂದಿರಿ. ಬೆಂಗಳೂರಿನ ಸೀರೆ ಮೇಳದಲ್ಲಿ ನಿನ್ನ ಮಳಿಗೆ ಬೇರೆಯವರಿಗೆ ಹೋಯಿತು.

ಇದರಲ್ಲಿ ನನ್ನ ತಪ್ಪು ಎಲ್ಲಿದೆ ಎಂದು ಒಂದು ಬೆರಳು ಇಟ್ಟು ತೋರಿಸು. ಇಟ್ಟರೆ ನಾನೇ ಬಂದು ಕಪಾಳ ಒಡ್ಡುತ್ತೇನೆ. ಅಲ್ಲಿಯವರೆಗೆ ಬರುವುದಿಲ್ಲ. ಗಂಟು ಕಳಿಸಿದ ಮನೆಗೆ ನಾನಾಗಿ ಬರುವವನಲ್ಲ.

ನೀನೇ ಬೆಳೆಸಿದ, ನೀನೇ ನಂಬದ
ಮಲ್ಲಿನಾಥ


ಬನಹಟ್ಟಿ
೧೩ ಜುಲೈ ೨೦೨೫

ಮಲ್ಲಿ,

ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ. ನಡುವೆ ನನ್ನದೂ ಇರುತ್ತದೆ, ಗುರುತು ಹಿಡಿ.

ನಿನ್ನ ಪತ್ರ ಓದುವಾಗ ಅವ್ವ ಲಾಳಿ ನಿಲ್ಲಿಸಲಿಲ್ಲ. ಗುಂಡಿಯ ಸಾಲಿಗೆ ಬಂದಾಗ ಮಾತ್ರ ನಿಲ್ಲಿಸಿದಳು. ಆಮೇಲೆ ಅಂದಳು: "ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು ಮಾವನ ಮನ್ಯಾಗ ತಿರಗಿದ್ರ ಮಂದಿ ಯಾರಿಗಿ ಅಂತಾರ? ನನಗ ಅಂತಾರ." ಅಷ್ಟೇ ಕಾರಣವಂತೆ. ನೀನು ನಂಬುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ನಿನ್ನ ತಪ್ಪು ಎಂದು ಅವಳು ಎಲ್ಲೂ ಹೇಳಿಲ್ಲವಂತೆ. ನಿನ್ನ ಮಾವನ ತಪ್ಪೂ ಅಲ್ಲವಂತೆ. ತಪ್ಪು ಅವಳದೇ ಅಂತೆ. "ಊರ ಮಂದಿ ಅಮಾಸಿ ದಿನ ಹೊಸ್ತಿಲಾ ದಾಟೂದಿಲ್ಲ. ನಾವು ದಾಟತೇವಿ. ದಾರಿ ಕೊಡಲಿಲ್ಲಂದ್ರ ಯಾರಿಗಿ ಬೈಲಿ?" ನೀನು ಮರೆತಿರಲಿಕ್ಕಿಲ್ಲ, ಆದರೂ ಬರಿ ಎಂದಳು: ನೇಕಾರರಿಗೆ ಬಿಡುವು ಎಂದರೆ ಅಮಾಸಿ ಒಂದೇ. ಅವತ್ತು ಮಗ್ಗ ನಿಲ್ಲಿಸಿ, ಲಾಳಿ ತೊಳೆದು, ಕುಂಕುಮ ಹಚ್ಚಿ, ಹೋಳಿಗೆ ಎಡೆ ಹಿಡಿದು, ಎಲ್ಲಿಗಾದರೂ ಹೋಗುವುದಿದ್ದರೆ ಆ ಸಂಜೆಯೇ ಹೋಗಬೇಕು. ನಡೆಯುವ ಮಗ್ಗವನ್ನು ನಿಲ್ಲಿಸಿ ಎದ್ದು ಹೋದವಳು ಈ ಮನೆಯಲ್ಲಿ ಯಾರೂ ಇಲ್ಲ.

ಇನ್ನು ನನ್ನ ಮಾತು. ಅವಳು ನಿನಗೆ ಹೇಳದೆ ಬಿಟ್ಟದ್ದು. ತೊಯ್ದ ಸೀರೆಗಳ ಕೆಂಪು ದಡಿ ಬಣ್ಣ ಬಿಟ್ಟು ಬಿಳಿ ಒಡಲಿಗೆಲ್ಲ ಹರಡಿದೆ. ಅಂಗಳದಲ್ಲಿ ಒಣಹಾಕಿದಾಗ ಓಣಿಯವರು ಇದು ಯಾವ ಹೊಸ ನಮೂನೆ ಎಂದು ಕೇಳಿದರು. ಹೌದು, ಹೊಸ ನಮೂನೆ ಎಂದು ಹೇಳಿ ಒಳಗೆ ಬಂದಳು. ಮಳೆ ನಿಂತ ಮೇಲೂ ಅವುಗಳನ್ನು ಮಡಿಚಲಿಲ್ಲ. ಕಡೆಗೆ ನಾನೇ ಮಡಿಚಿಟ್ಟೆ.

ನೇಕಾರರ ಸೊಸೈಟಿಯ ವಿಜಯಾ ಅಕ್ಕ ಮನೆಗೆ ಬಂದಿದ್ದರು. ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಮತ್ತೊಂದು ಮೇಳ ಇದೆಯಂತೆ. ಕೈಮಗ್ಗ ಇಲಾಖೆಯವರಿಗೆ ಇನ್ನೊಂದು ಸಲ ಅವ್ವನ ಹೆಸರು ಕೊಡುತ್ತಾರಂತೆ. ಆದರೆ ಹಿಂದಿನ ದಿನ ಅವಳೇ ಹೋಗಿ ನಿಂತು ಮಳಿಗೆ ಹಿಡಿಯಬೇಕು. ಈ ಸಲವೂ ಮುಟ್ಟದಿದ್ದರೆ ಹೆಸರು ತೆಗೆಯುತ್ತಾರೆ, ಮುಂದೆ ಎಂದೂ ಕರೆಯುವುದಿಲ್ಲ. ಬನಹಟ್ಟಿಯಲ್ಲಿ ಎಲ್ಲೆಲ್ಲೂ ಪವರ್‌ಲೂಮ್ ಗಡಗಡ. ಕೈಯಿಂದ ನೇಯ್ದ ಸೀರೆಯನ್ನು ಕೈಯಿಂದ ಮುಟ್ಟಿ ನೋಡಿ ಕೊಳ್ಳುವವರು ಆ ಮೇಳಕ್ಕೇ ಬರಬೇಕು. ಅದು ಹೋದರೆ ಅವ್ವ ಮಗ್ಗ ಬಿಚ್ಚುತ್ತಾಳೆ. ಹಾಗೆಂದು ಅವಳು ಹೇಳಿಲ್ಲ. ನನಗೆ ಗೊತ್ತು.

ಅವ್ವನ ಪರವಾಗಿ,
ಪೂರ್ಣಿಮಾ


ಜಮಖಂಡಿ
೩ ಆಗಸ್ಟ್ ೨೦೨೫

ಅತ್ತಿ,

ಅಮಾಸಿಗೆ ನಿನ್ನ ಸುದ್ದಿಯೇ ಗೊತ್ತಿಲ್ಲ. ಮಾವನಿಗೆ ಗೊತ್ತಿದೆ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ಮೊನ್ನೆ ನಾಗರ ಅಮಾಸಿ ಸಂಜೆ ಮತ್ತೆ ಗೇರ್ ಕೆಟ್ಟಿತು. ನಾನು ಹಿಂದಿನ ಬಯಲಿಗೆ ಹೋದೆ. ಗಾಡಿ ನಿಂತಿತ್ತು. ಡ್ರೈವರ್ ಬಾಳು ಅದರ ನೆರಳಿನಲ್ಲಿ ಮಲಗಿದ್ದ. ಗೇರಿಗೆ ಏನಾಗಿದೆ ಎಂದೆ. "ಗೇರ್‌ಗೆ ಏನ್ ಧಾಡಿ? ಅಮಾಸಿ ಐತಲ್ಲ, ಅದಕ್ಕ ಮಲಗೇತಿ" ಎಂದು ಮಗ್ಗುಲು ಬದಲಿಸಿದ.

ತಿಳಿಯಿತೇ? ಅಮಾಸಿ ದಿನ ಬೇರೆ ಮಂದಿ ಹೊರಡುವುದಿಲ್ಲ. ಹೊರಡುವವರು ರಬಕವಿ ಬನಹಟ್ಟಿ ನೇಕಾರರಷ್ಟೇ. ಗಾಡಿ ತುಂಬುವುದಿಲ್ಲ. ಅರೆಖಾಲಿ ಗಾಡಿ ಓಡಿಸುವ ಬದಲು ಟಿಕೆಟ್ ಹರಿದು ಕೊಟ್ಟು, ಕಡೆಗೆ ಕ್ರೂಸರಿನಲ್ಲಿ ತುರುಕಿ, ಬಾಗಲಕೋಟೆಯಲ್ಲಿ ಇನ್ನೊಬ್ಬರ ಗಾಡಿಗೆ ಎಸೆಯುತ್ತಾರೆ. ಇದು ಪ್ರತಿ ಅಮಾಸಿಯ ಮಾತು. ನಾನು ಮಾವನ ಮುಂದೆ ನಿಂತು ಕೇಳಿದೆ. ಮಾವ ಸಿಟ್ಟಾಗಲಿಲ್ಲ. ಚಹಾ ತರಿಸಿದ. ತರಿಸಿ ಹೇಳಿದ: "ಬ್ಯಾರೆ ದಿನದ ಮಂದಿ ಕಂಪ್ಲೇಂಟ್ ಕೊಡತಾರ. ಅಮಾಸಿ ಮಂದಿ ಕೊಡಂಗಿಲ್ಲ. ತಮ್ಮ ತಪ್ಪ ಅಂತ ತಾವ ಮನೀಗಿ ಹೋಗತಾರ."

ನೀನು ಜುಲೈನಲ್ಲಿ ಬರೆಸಿದ ಮಾತು, ಅಕ್ಷರಕ್ಕೆ ಅಕ್ಷರ. ಮಾವ ನಿನ್ನ ಪತ್ರ ಓದಿಲ್ಲ. ಓದುವ ಅಗತ್ಯವೇ ಇಲ್ಲ. ನೀವು ನಿಮಗೇ ಬೈದುಕೊಳ್ಳುತ್ತೀರಿ ಎಂಬುದರ ಮೇಲೆ ಅವನು ಧಂಧೆ ನಡೆಸುತ್ತಾನೆ. ನಾನು ಆ ಚಹಾ ಕುಡಿದೆ. ಕುಡಿದದ್ದಕ್ಕೂ ಸಿಟ್ಟು ಬರುತ್ತದೆ.

ಹೇಳುತ್ತೇನೆ ಕೇಳು. ಟಿಕೆಟ್ ತಗೊಂಡರೆ ಆ ಗಾಡಿ ನಿನ್ನನ್ನು ಆ ಊರಿಗೆ ಮುಟ್ಟಿಸಬೇಕು. ಮುಟ್ಟಿಸಲಾಗದಿದ್ದರೆ ಪೂರ್ತಿ ರೊಕ್ಕ ತಿರುಗಿ ಕೊಡಬೇಕು, ಇಲ್ಲವೇ ಅಂಥದೇ ಇನ್ನೊಂದು ಗಾಡಿ ಕೊಡಬೇಕು. ಮಲಗುವ ಸೀಟು ಮಾರಿ ಕ್ರೂಸರಿನ ತುದಿಯಲ್ಲಿ ಕೂರಿಸುವುದು ಉಪಕಾರವಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ" ಎಂದಾಗ ನೀವು ಹತ್ತಿ ಕುಳಿತರೋ, ಆಮೇಲೆ ಅವರೇ ಒಪ್ಪಿ ಹತ್ತಿದರು ಎನ್ನುತ್ತಾರೆ. ಹತ್ತಬೇಡ. ಗಾಡಿ ಯಾಕೆ ಇಲ್ಲ ಎಂದು ಬರೆದು ಕೊಡು ಅನ್ನು. ಬರೆದು ಕೊಡುವುದಕ್ಕೆ ಇವರು ಹೆದರುವಷ್ಟು ಪೊಲೀಸರಿಗೂ ಹೆದರುವುದಿಲ್ಲ. ೧೯೧೫ಕ್ಕೆ ಫೋನ್ ಮಾಡಿದರೆ ಗ್ರಾಹಕರ ದೂರು ಬರೆದುಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬಾಗಲಕೋಟೆಯಲ್ಲಿ ಗ್ರಾಹಕರ ಕೋರ್ಟಿದೆ. ವಕೀಲ ಇಲ್ಲದೆಯೂ ಹೋಗಬಹುದು.

ಟಿಕೆಟನ್ನು ನೀನು ಎಲೆಯಡಿಕೆ ಚೀಲದಲ್ಲಿ ಇಡುತ್ತೀಯ. ಇಡಬೇಡ. ಇದು ಹಳೆಯ ಟಿಕೆಟಿನಂಥ ಶಾಯಿ ಅಲ್ಲ, ಬೆವರು ಬಡಿದರೆ, ಬಿಸಿ ತಾಕಿದರೆ ಅಕ್ಷರ ಹಾರಿಹೋಗುತ್ತವೆ. ಪೂರ್ಣಿಮಾ ಮೊಬೈಲಿನಲ್ಲಿ ಫೋಟೋ ಹೊಡೆದಿಡಲಿ. ಗಾಡಿಯ ನಂಬರಿನದೂ ಹೊಡೆಯಲಿ. ಊಟಕ್ಕೆ ನಿಲ್ಲಿಸಿದಾಗ ಒಂದೇ ಬಣ್ಣದ ನಾಲ್ಕು ಗಾಡಿ ಸಾಲಾಗಿ ನಿಂತಿರುತ್ತವೆ, ನಂಬರು ಗೊತ್ತಿಲ್ಲದವರು ಕೈತೊಳೆದು ಬರುವಷ್ಟರಲ್ಲಿ ಯಾರದೋ ಗಾಡಿ ಹತ್ತಿರುತ್ತಾರೆ. ಸೀರೆಯ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಳಗಿನ ಡಿಕ್ಕಿಗೆ ಹಾಕಿಸು, ಚೀಟಿ ಅರ್ಧ ಗಂಟಿಗೆ, ಅರ್ಧ ನಿನ್ನ ಕೈಗೆ. ಮೇಲೆ ಹಾಕಲು ಬಿಡಬೇಡ. ಮಲಗುವಾಗ ಕಾಲು ಮುಂದಕ್ಕೆ, ತಲೆ ಹಿಂದಕ್ಕೆ. ಡ್ರೈವರ್ ಬ್ರೇಕ್ ಒತ್ತಿದರೆ ಕಾಲು ತಡೆಯುತ್ತದೆ, ತಲೆ ತಡೆಯುವುದಿಲ್ಲ. ಇನ್ನೊಂದು, ಇದು ನಿಮ್ಮದೇ ತಪ್ಪು: ತುರ್ತು ಬಾಗಿಲಿನ ಮುಂದೆ ಜಾಗ ಖಾಲಿ ಇದೆ ಎಂದು ನೇಕಾರರೆಲ್ಲ ಅಲ್ಲಿಯೇ ಗಂಟು ಒಟ್ಟುತ್ತೀರಿ. ಬೆಂಕಿ ಬಿದ್ದರೆ ಸೀರೆ ದಾಟಿ ಹೊರಗೆ ಬರುತ್ತೀರೇನು?

ಇಷ್ಟೆಲ್ಲ ಬರೆದರೂ ನೀನು ಅಮಾಸಿ ಅಮಾಸಿ ಎನ್ನುವವಳೇ. ಆದರೂ ಬರೆದಿದ್ದೇನೆ. ಚಹಾ ಕುಡಿದದ್ದು ಇಳಿಯಬೇಕಲ್ಲ.

ಇನ್ನೂ ಅದೇ ಆಫೀಸಿನಲ್ಲಿ ಕೂತಿರುವ
ಮಲ್ಲಿನಾಥ


ಬನಹಟ್ಟಿ
೫ ಅಕ್ಟೋಬರ್ ೨೦೨೫

ಮಲ್ಲಿ,

ಉತ್ತರ ತಡವಾಯಿತು. ನಿನ್ನ ಪತ್ರ ನಮ್ಮ ಮನೆಯಲ್ಲಿ ಇರಲಿಲ್ಲ, ಓಣಿ ಸುತ್ತುತ್ತಿತ್ತು.

ಮೊದಲ ದಿನ ಅವ್ವ ಪೂರ್ತಿ ಕೇಳಿದಳು. ಎರಡನೇ ಸಲ ಓದು ಎಂದಳು. "ತಮ್ಮ ತಪ್ಪ ಅಂತ ತಾವ ಮನೀಗಿ ಹೋಗತಾರ" ಎಂಬಲ್ಲಿ ಕೈ ಎತ್ತಿದಳು, ಮತ್ತೊಮ್ಮೆ ಓದಿದೆ. ಆಮೇಲೆ ಎದ್ದು ಹೋಗಿ ಬಣ್ಣ ಬಿಟ್ಟ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಅದರಲ್ಲಿ ಒಂದನ್ನು ಉಟ್ಟಳು. ಅದನ್ನು ಉಟ್ಟುಕೊಂಡೇ, ಅವತ್ತು ತನ್ನ ಜೊತೆ ಮಳೆಯಲ್ಲಿ ನಿಂತಿದ್ದ ಹಣಮವ್ವ ಅತ್ತಿಯ ಮನೆಗೆ ಹೋದಳು, ಅಲ್ಲಿಂದ ಉಳಿದವರ ಮನೆಗೆ. ಎಲ್ಲ ಮನೆಯಲ್ಲೂ ನಾನು ನಿನ್ನ ಪತ್ರ ಓದಬೇಕು. ನಿನ್ನ ಅಕ್ಷರ ಓದಿ ಓದಿ ನನ್ನ ಕಣ್ಣು ಕೆಟ್ಟಿವೆ.

ಈಗ ಅವಳ ಆಟ ಕೇಳು. ಮಹಾನವಮಿ ಸಂತೆಗೆ ಮುಧೋಳಕ್ಕೆ ಹೋದೆವು. ಚಿಮ್ಮಡ ಊರಿನವನ ಆಟೋ. ಹತ್ತುವ ಮೊದಲು ಹಿಂದೆ ಹೋಗಿ ನಂಬರು ನೋಡಿ, ಫೋಟೋ ಹೊಡಿ ಎಂದಳು. ಅವನು, "ಯಾಕ ಯವ್ವಾ, ನನಗ ಕನ್ಯಾ ನೋಡಾಕತ್ತೀರೇನು" ಅಂದ. ಅವ್ವ ನಗಲಿಲ್ಲ. ಗಾಡಿ ನೆಟ್ಟಗಿದ್ದರೆ ಕನ್ಯೆಯನ್ನೂ ನೋಡೋಣ ಎಂದಳು.

ಅವಳ ಮಾತು ಇಷ್ಟು: ನವೆಂಬರಿನ ಮೇಳಕ್ಕೆ ಛಟ್ಟಿ ಅಮಾಸಿ ಸಂಜೆ ಹೊರಟರೆ ಸರಿಯಾಗಿ ಹಿಂದಿನ ದಿನ ಮುಟ್ಟುತ್ತದೆ. ಅವತ್ತೇ ಹೋಗುತ್ತಾಳೆ. ನಿಮ್ಮ ಬಸ್ಸಿನಲ್ಲೇ ಹೋಗುತ್ತಾಳೆ. ಹಣಮವ್ವ ಅತ್ತಿ ಮತ್ತು ಉಳಿದವರೂ ಬರುತ್ತಾರೆ. ಟಿಕೆಟ್ ತೆಗೆದಿಡು.

ನಾನು ಬೇಡವೆಂದೆ. ನೀನಾದರೂ ಹೇಳು.

ಕಣ್ಣು ಕೆಟ್ಟ
ಪೂರ್ಣಿಮಾ


ಜಮಖಂಡಿ
೧೦ ನವೆಂಬರ್ ೨೦೨೫

ಅತ್ತಿ,

ನಿನಗೆ ಹುಚ್ಚೇನು?

ಹಕ್ಕು ಹೇಳಿಕೊಟ್ಟದ್ದು ನಾನೇ. ಆದರೆ ಇದು ಹಕ್ಕು ತೋರಿಸುವ ದಿನವೇ? ಈ ಸಲ ಮುಟ್ಟದಿದ್ದರೆ ಹೆಸರು ಹೋಗುತ್ತದೆ, ಮಗ್ಗ ಹೋಗುತ್ತದೆ. ಕೋರ್ಟಿನವರು ನಾಳೆ ನ್ಯಾಯ ಕೊಟ್ಟಾರು, ಮಳಿಗೆ ಕೊಡುವುದಿಲ್ಲ. ಒಂದು ದಿನ ಮೊದಲು ಸರಕಾರಿ ಬಸ್ಸು ಹಿಡಿ. ತುಂಬಿದರೂ ತುಂಬದಿದ್ದರೂ ಅದು ಹೊರಡುತ್ತದೆ. ಮಗ್ಗ ಒಂದು ದಿನ ನಿಂತರೆ ಆಕಾಶ ಬೀಳುವುದಿಲ್ಲ.

ಮಾವ ನಿಮ್ಮ ಹೆಸರು ನೋಡಿದ. "ಬೀಗರು ಬರಲಿ" ಎಂದು ಬರೆದುಕೊಂಡ. ಅವತ್ತು ಬುಕ್ಕಿಂಗ್ ನೇಕಾರರದಷ್ಟೇ ಇದೆ. ಕ್ರೂಸರಿಗೆ ಹೇಳಿಟ್ಟಿದ್ದಾನೆ, ನನ್ನ ಎದುರಿಗೇ ಫೋನ್ ಮಾಡಿದ. ಅವನಿಗೆ ಮುಚ್ಚಿಡುವ ಅಗತ್ಯವೂ ಇಲ್ಲ, ಯಾಕೆಂದರೆ ಸಾಲಿ ಬಿಟ್ಟ ನನಗೆ ಕುರ್ಚಿ ಕೊಟ್ಟವನು ಅವನೊಬ್ಬನೇ. ಅದು ನಿಜವೇ. ಜಮಖಂಡಿಯಲ್ಲಿ ಎಷ್ಟು ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ ಎಂದು ನಿನಗೆ ಗೊತ್ತು.

ಬರಬೇಡ ಅತ್ತಿ. ಬಂದರೆ ಮತ್ತೆ ನನ್ನ ಕೈಯಿಂದಲೇ ನಿನ್ನನ್ನು ಕ್ರೂಸರಿಗೆ ಹತ್ತಿಸುತ್ತಾನೆ.

ಕಾಲು ಹಿಡಿಯುತ್ತೇನೆ,
ಮಲ್ಲಿ


ಬನಹಟ್ಟಿ
೧೫ ನವೆಂಬರ್ ೨೦೨೫

ಮಲ್ಲಿ,

ಅವ್ವ ಇಷ್ಟೇ ಬರಿ ಎಂದಳು, ಒಂದಕ್ಷರ ಕೂಡಿಸಬೇಡ ಎಂದಳು:

"ಮಳಿಗಿ ನನ್ನದು. ಮಗ್ಗ ನನ್ನದು. ಸೀಟೂ ನನ್ನದು. ಕಳ್ಳರ ಹಂಗ ಒಂದಿನಾ ಮೊದಲ ಯಾಕ ಹೋಗಲಿ?"

ಪೂರ್ಣಿಮಾ


ಜಮಖಂಡಿ ಬಸ್ ನಿಲ್ದಾಣ
೨೨ ನವೆಂಬರ್ ೨೦೨೫

ಪೂರ್ಣಿಮಾ,

ಅತ್ತಿ ಮುಟ್ಟಿದಳು, ಮಳಿಗೆ ಹಿಡಿದಳು ಎಂದು ನಿನಗೆ ಹಣಮವ್ವ ಅತ್ತಿ ಫೋನ್ ಮಾಡಿರಬೇಕು. ಆದರೆ ಇಲ್ಲಿ ಏನಾಯಿತೆಂದು ನಿನ್ನ ಅವ್ವ ಎಂದೂ ಹೇಳುವುದಿಲ್ಲ. ಗಾಡಿ ಬಿಟ್ಟಿತು, ಹೋದೆವು ಎನ್ನುತ್ತಾಳೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ನಗುತ್ತೀಯ. ಆಫೀಸಿನ ಒಳಗೆ ಆಮೇಲೆ ಏನಾಯಿತೆಂದು ಅವಳಿಗೂ ಗೊತ್ತಿಲ್ಲ. ಅದು ಕಡೆಯಲ್ಲಿದೆ.

ಛಟ್ಟಿ ಅಮಾಸಿ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಬಂದರು. ಅತ್ತಿ ಆ ಬಣ್ಣ ಬಿಟ್ಟ ಸೀರೆಯನ್ನೇ ಉಟ್ಟಿದ್ದಳು. ನನ್ನನ್ನು ನೋಡಿದಳು. ಬೆಂಚಿನ ಮೇಲೆ ಕೂತಳು. ಬಾಗಿಲಲ್ಲಿ ಕ್ರೂಸರ್ ನಿಂತಿತ್ತು. ಮಾವ ಒಳಗಿನಿಂದ ಬಂದು ಎಲ್ಲರಿಗೂ ಕೈ ಮುಗಿದ. ಗೇರ್ ಕೆಟ್ಟಿದೆ, ಬಾಗಲಕೋಟೆಯಲ್ಲಿ ಬೇರೆ ಗಾಡಿಗೆ ಹೇಳಿದ್ದೇನೆ, ಬೀಗರು ತಪ್ಪು ತಿಳಿಯಬಾರದು ಎಂದ. ಎಷ್ಟು ಛಲೋ ಮಾತಾಡುತ್ತಾನೆಂದರೆ ಒಂದು ಗಳಿಗೆ ನನಗೂ ಗೇರ್ ಕೆಟ್ಟಿದೆ ಅನಿಸಿತು. ಮಂದಿ ಎದ್ದರು. ಬೈಯಲೂ ಇಲ್ಲ. ಒಬ್ಬರು, ಅಮಾಸಿ ದಿನ ಹಿಂಗ ಆಗೂದ ಎಂದು ಗಂಟು ಎತ್ತಿಯೇಬಿಟ್ಟರು. ಇಷ್ಟು ತಿಂಗಳು ಪತ್ರ ಓದಿಸಿಕೊಂಡ ಮಂದಿ.

ಅತ್ತಿ ಏಳಲಿಲ್ಲ. ಮಾವನ ಕಡೆ ನೋಡಲೂ ಇಲ್ಲ. ನನ್ನನ್ನು ಕೇಳಿದಳು.

"ಮಲ್ಲಿ, ಗಾಡಿ ಕೆಟ್ಟೈತೇನು?"

ಜೂನಿನಿಂದ ಅವಳು ನನ್ನ ಜೊತೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ನನ್ನ ಪರ ಹೇಳು ಎಂಬ ದನಿಯಲ್ಲ. ಹಾಲು ಬಂತೇನು ಎಂದು ಕೇಳುವ ದನಿ. ನಾನು ಏನು ಹೇಳಿದರೂ ನಂಬಲು ತಯಾರಾಗಿ ಕೂತಿದ್ದಳು. ಕೆಟ್ಟಿದೆ ಎಂದಿದ್ದರೆ ಎದ್ದು ಕ್ರೂಸರ್ ಹತ್ತುತ್ತಿದ್ದಳು. ಮೇಳ, ಮಗ್ಗ ಎಲ್ಲವನ್ನೂ ನನ್ನ ಒಂದು ಮಾತಿನ ಮೇಲೆ ಇಟ್ಟು ಕೂತಿದ್ದಳು.

"ಕೆಟ್ಟಿಲ್ಲತ್ತಿ," ಎಂದೆ. "ಹಿಂದಿನ ಬಯಲಾಗ ನಿಂತೈತಿ."

ಮಾವ ನಕ್ಕ. ಹುಡುಗನಿಗೆ ಗಾಡಿಯ ಸಂಗತಿ ಗೊತ್ತಿಲ್ಲ ಎಂದ. ಆಮೇಲೆ ಮಾತು ಬದಲಿಸಿ, ಮಂದಿ ಕಡಿಮೆ ಇದ್ದಾರೆ, ಡೀಸೆಲ್ಲಿನ ರೊಕ್ಕವೂ ಹುಟ್ಟುವುದಿಲ್ಲ, ನೀವೇ ವಿಚಾರ ಮಾಡಿ ಎಂದ. ಅತ್ತಿ ವಿಚಾರ ಮಾಡಿದಳು. ಹಾಗಾದರೆ ಅಷ್ಟನ್ನೇ ಬರೆದು ಕೊಡಿ ಎಂದಳು: ಮಂದಿ ಕಡಿಮೆ, ಅದಕ್ಕೆ ಗಾಡಿ ಬಿಡುವುದಿಲ್ಲ, ಸಹಿ, ಆಫೀಸಿನ ಶಿಕ್ಕಾ. ಮಾವನ ನಗು ಅಲ್ಲಿಗೆ ನಿಂತಿತು. ಬೀಗರ ನಡುವೆ ಬರೆಯುವುದು ಕೊ​ಡುವುದು ಏನು, ಅಮಾಸಿ ದಿನ ಹೊರಟ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುವುದೇ ಎಂದ. ಆಗ ಅವಳು ಎದ್ದಳು.

"ಅಮಾಸಿ ನಮಗಷ್ಟ ಬಂದೈತೇನ್ರಿ ಬೀಗರ? ನಿಮಗ ಬಂದಿಲ್ಲ? ಟಿಕೆಟ್ ಹರಿಯೂ ದಿನಾ ಕ್ಯಾಲೆಂಡರ್ ಕೆಳಗ ಬಿದ್ದಿತ್ತೇನು?"

ಯಾರೋ ಕಿಸಕ್ಕನೆ ನಕ್ಕರು. ಗಂಟು ಎತ್ತಿದವರು ಕೆಳಗಿಟ್ಟರು. ಅತ್ತಿ ಚೀಲ ಹಿಡಿದು ಹಿಂದಿನ ಬಯಲಿಗೆ ನಡೆದಳು, ಎಲ್ಲರೂ ಅವಳ ಹಿಂದೆ.

ಈಗ ಹೇಳುವುದನ್ನು ನೀನು ನಂಬಲಿಕ್ಕಿಲ್ಲ. ಅವಳು ಜಗಳ ಆಡುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಪೂಜೆ ಮಾಡಿದಳು. ಚೀಲದಲ್ಲಿ ಮಗ್ಗದ ಪೂಜೆಯ ಕುಂಕುಮ, ವಿಭೂತಿ, ಎಡೆ ಹಿಡಿದ ಹೋಳಿಗೆ ಎಲ್ಲ ಇದ್ದವು. ಬಾಳುನನ್ನು ಎಬ್ಬಿಸಿ ಒಂದು ಕೊಡ ನೀರು ತರಿಸಿದಳು. ಗಾಡಿಯ ಮೂತಿ ತೊಳೆದಳು. ಗಾಜಿಗೆ ವಿಭೂತಿ ಎಳೆದಳು. ದುಡಿಯುವ ಸಾಮಾನಿಗೆ ಅಮಾಸಿ ದಿನ ಇಷ್ಟಾದರೂ ಆಗಬೇಕು, ಈ ಬಡ ಪ್ರಾಣಿಗೆ ಯಾರೂ ಮಾಡಿಲ್ಲ ಎಂದು ಬಸ್ಸಿಗೇ ಹೇಳಿದಳು. ಬಾಳು ಚಪ್ಪಲಿ ಬಿಟ್ಟ. ಓಡಿಹೋಗಿ ನಾಲ್ಕು ನಿಂಬೆಹಣ್ಣು ತಂದು ತಾನೇ ಗಾಲಿಗಳ ಕೆಳಗೆ ಇಟ್ಟ. ಹಣಮವ್ವ ಅತ್ತಿ ಕಾಯಿ ಒಡೆದರು. ಹೋಳಿಗೆ ಬಾಳುನ ಕೈಗೆ ಬಂತು. ಅಷ್ಟರಲ್ಲಿ ಮಾವ ಬಂದ. ಗಾಡಿ ಹೊರಡುವುದಿಲ್ಲ ಎಂದು ಇವರಿಗೆ ಹೇಳು ಎಂದು ಬಾಳುಗೆ ಹೇಳಿದ.

ಬಾಳು ಬಾಯಲ್ಲಿದ್ದದ್ದು ನುಂಗಿ ಹೇಳಿದ: "ಸಾವ್ಕಾರ, ಬೇಕಾದ್ದ ಅನ್ರಿ. ಪೂಜಿ ಆದ ಗಾಡಿ ನಾ ನಿಂದರಸಂಗಿಲ್ಲರಿ. ನನಗೂ ಮಕ್ಕಳು ಮರಿ ಅದಾವ."

ಮಾವನಿಗೂ ದೇವರ ಹೆದರಿಕೆ ಇದೆ. ಆದರೆ ಅದಕ್ಕಿಂತ ಡೀಸೆಲ್ಲಿನ ಚಿಂತೆ ದೊಡ್ಡದು. ಚಾವಿ ತನ್ನ ಹತ್ತಿರ ಇದೆ, ಕೊಡುವುದಿಲ್ಲ ಎಂದ. ಹತ್ತಿರ ಇರಲಿಲ್ಲ. ಆಫೀಸಿನ ಒಳಗೆ ಮೊಳೆಗೆ ತೂಗುತ್ತಿತ್ತು. ನಾನು ಒಳಗೆ ಹೋದೆ. ಚಾವಿ ತೆಗೆದೆ. ಕೌಂಟರಿನ ಕಾಗದ ಎಳೆದುಕೊಂಡು ಅತ್ತಿ ಹೇಳಿದ್ದನ್ನೇ ಬರೆದೆ, ಶಿಕ್ಕಾ ಒತ್ತಿದೆ, ಕೆಳಗೆ ನನ್ನ ಸಹಿ ಹಾಕಿದೆ. ಎರಡನ್ನೂ ತಂದು ಮಾವನ ಮುಂದೆ ಹಿಡಿದೆ. ಚಾವಿ ಬಾಳುಗೆ ಕೊಡಲೋ, ಕಾಗದ ಅತ್ತಿಗೆ ಕೊಡಲೋ ಎಂದು ಕೇಳಿದೆ.

ಮಾವ ಕಾಗದ ಕಸಿದುಕೊಂಡು ಹರಿದ. ಹಾಗಾದರೆ ಚಾವಿ ಎಂದು ಬಾಳುಗೆ ಕೊಟ್ಟೆ.

ಹತ್ತುವಾಗ ನಿನ್ನ ಅವ್ವನನ್ನು ನೋಡಬೇಕಿತ್ತು. ಗೆದ್ದವರ ಠೀವಿ ಒಂದಿಷ್ಟೂ ಇಲ್ಲ. ಮೊದಲು ಹಿಂದಿನಿಂದ ಗಾಡಿಯ ನಂಬರು ನೋಡಿದಳು. ಡಿಕ್ಕಿಗೆ ಗಂಟು ಹಾಕಿಸಿ ಚೀಟಿ ಹರಿಸಿಕೊಂಡಳು. ಒಳಗೆ ಹೋದರೆ ಅಷ್ಟರಲ್ಲೇ ನಮ್ಮವರು ತುರ್ತು ಬಾಗಿಲಿಗೆ ಅಡ್ಡ ಗಂಟು ಒಟ್ಟಿದ್ದರು. ಎಲ್ಲವನ್ನೂ ತೆಗೆಸಿದಳು. ಕೈಗಂಟು ತೆಗೆಯಲು ಒಲ್ಲೆ ಎಂದ ಒಬ್ಬ ಮುದುಕನಿಗೆ, ಇಷ್ಟೊತ್ತು ಗಿರಿಮಲ್ಲಪ್ಪನ ಜೊತೆ ಹೋರಾಡಿದ್ದು ನಿನ್ನ ಗಂಟಿನ ಹಿಂದೆ ಸುಟ್ಟು ಸಾಯಲಿಕ್ಕಲ್ಲ ಎಂದಳು. ನಾನು ಬಹಳ ಮಂದಿ ಜೋರು ಮಾಡುವುದನ್ನು ನೋಡಿದ್ದೇನೆ, ನಾನೂ ಮಾಡುತ್ತೇನೆ. ಜೋರು ಮಾಡಿ ಗೆದ್ದ ಮೇಲೆ ಮತ್ತೆ ಗಂಟು ಸರಿಸುವ ಕೆಲಸಕ್ಕೆ ಬಗ್ಗುವವರನ್ನು ನೋಡಿರಲಿಲ್ಲ.

ಗಾಡಿ ಶುರುವಾದ ಮೇಲೆ ಕಿಟಕಿ ಸರಿಸಿ ಕರೆದಳು. ಏನೋ ಹೇಳುತ್ತಾಳೆ ಎಂದು ಓಡಿದೆ.

"ಮಲ್ಲಿ, ಮುಂದಕ ಕಾಲೋ, ತಲಿಯೋ?"

"ಕಾಲತ್ತಿ."

"ಹೂಂ," ಎಂದಳು. ಕಿಟಕಿ ಮುಚ್ಚಿದಳು. ಗಾಡಿ ಹೋಯಿತು. ಅರ್ಧ ಖಾಲಿ ಗಾಡಿ, ಪೂರ್ತಿ ಹೊಂಟಿತು.

ಇನ್ನು ಒಳಗಿನದು.

ಮಾವ ಕುರ್ಚಿಯಲ್ಲಿ ಕೂತಿದ್ದ. ಬೈಯುತ್ತಾನೆ ಎಂದು ನಿಂತೆ. ಬೈಯಲಿಲ್ಲ, ಅದೇ ಕಷ್ಟವಾಯಿತು. "ನಿಮ್ಮವ್ವನ ಮಾರಿ ನೋಡಿ ಇಟಗೊಂಡಿದ್ನೆಲೇ," ಎಂದ. "ಒಂಬತ್ತನೇತ್ತೆ ದಾಟದವಗ ಯಾಂವ ಕುರ್ಚಿ ಕೊಡತಾನ?" ಆಮೇಲೆ ಸಮಾಧಾನದಿಂದ ಹೇಳಿದ. ಆದದ್ದು ಆಗಿಹೋಯಿತಂತೆ. ನಾಳೆಯಿಂದ ನಾನು ಎಂದಿನ ಹಾಗೆ ಬರಬೇಕಂತೆ. ಅಮಾಸಿ ಒಂದು ದಿನ ಮಾತ್ರ ರಜೆ ತಗೊಂಡು ಮನೆಯಲ್ಲಿ ಇರಬೇಕಂತೆ. ಉಳಿದದ್ದನ್ನು ಅವನು ನೋಡಿಕೊಳ್ಳುತ್ತಾನಂತೆ.

ಎಷ್ಟು ಸಲೀಸು ನೋಡು ಪೂರ್ಣಿಮಾ. ಕುರ್ಚಿಯೂ ಉಳಿಯುತ್ತದೆ, ಸುಳ್ಳೂ ಹೇಳುವಂತಿಲ್ಲ. ತಿಂಗಳಿಗೆ ಒಂದು ದಿನ ಕಣ್ಣು ಮುಚ್ಚಿದರೆ ಸಾಕು. ಖರೆ ಹೇಳುತ್ತೇನೆ, ಒಂದು ಗಳಿಗೆ ನಾನು ಆ ಕುರ್ಚಿಯನ್ನು ನೋಡಿದೆ. ಮತ್ತೆ ಆ ಅಂಗಡಿಗಳ ಮೆಟ್ಟಿಲುಗಳನ್ನು ನೆನೆದೆ.

"ಕುರ್ಚಿ ನೀವ ಇಟಗೋರಿ ಮಾವ," ಎಂದೆ. "ಮುಂದಿನದು ಎಳ್ಳ ಅಮಾಸಿ. ಅವತ್ತ ನಾ ಟಿಕೆಟ್ ತಗೊಂಡು ಬರತೇನಿ. ನನಗೊಂದ ಸೀಟ್ ಬರಕೋರಿ."

ಮಾವ ಎದ್ದ. ಈ ಬಾಗಿಲು ದಾಟಿದರೆ ಮತ್ತೆ ಒಳಗೆ ಬರುವ ಮಾತಿಲ್ಲ ಎಂದ. ನಾನು ದಾಟಿದೆ. ದಾಟಿ, ಓಣಿಗೆಲ್ಲ ಕೇಳಲಿ ಎಂದು ಬಾಗಿಲನ್ನು ಜೋರಾಗಿ ಎಳೆದು ಒಗೆದೆ. ಅದು ಎ.ಸಿ. ಆಫೀಸಿನ ಗಾಜಿನ ಬಾಗಿಲು, ಮೇಲೆ ಸ್ಪ್ರಿಂಗ್ ಹಾಕಿದ್ದಾರೆ. ಎಷ್ಟು ಜೋರಾಗಿ ಒಗೆದರೂ ಮೆಲ್ಲಗೆ, ಬಹಳ ಮರ್ಯಾದೆಯಿಂದ ಮುಚ್ಚಿಕೊಳ್ಳತೊಡಗಿತು. ಒಳಗೆ ಮಾವ, ಹೊರಗೆ ನಾನು, ನಡುವೆ ಅದು ಇನ್ನೂ ಬರುತ್ತಲೇ ಇದೆ. ಕ್ರೂಸರಿನವನು ನೋಡುತ್ತ ನಿಂತಿದ್ದ. ನಾನು ತಿರುಗಿ ಬಂದು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಭುಜ ಕೊಟ್ಟು ದೂಡಿದೆ. ಬಡಿಯಿತು.

ಮಲ್ಲಿನಾಥ